ಚೆನ್ನಾಗಿದೆ ಅಂದವರು ಲೋಟ ತೊಳೆಯಬೇಕು

"ಇದರಲ್ಲಿ ಸ್ಪಷ್ಟವಾಗಿ ಕಾಣುತ್ತೋ, ಇದರಲ್ಲೋ?"

ಕುರ್ಚಿಯಲ್ಲಿ ಕೂತಿದ್ದ ಅಂಚೆಯವರ ಮೂಗಿನ ಮೇಲೆ ಕಬ್ಬಿಣದ ದುಂಡು ಚೌಕಟ್ಟು. ಅದರ ಸೀಳಿನೊಳಕ್ಕೆ ಒಂದು ಗಾಜು ಇಳಿಯುತ್ತದೆ, ಇನ್ನೊಂದು ಮೇಲೇಳುತ್ತದೆ. ಅವರು ಎದುರಿನ ಗೋಡೆಯ ಅಕ್ಷರಗಳನ್ನು ದಿಟ್ಟಿಸಿ, ಯಾರ ಮನಸ್ಸನ್ನೂ ನೋಯಿಸದ ದನಿಯಲ್ಲಿ, "ಎರಡೂ ಚೆನ್ನಾಗಿದೆ ಅಕ್ಕ" ಎಂದರು.

"ಎರಡೂ ಚೆನ್ನಾಗಿದ್ರೆ ನೀವ್ಯಾಕೆ ರಜೆ ಹಾಕಿ ಇಲ್ಲಿಗೆ ಬರ್ತಿದ್ರಿ? ಸಂಕೋಚ ಬೇಡ, ಗಾಜಿಗೇನೂ ಬೇಜಾರಾಗಲ್ಲ. ಇದೋ… ಇದೋ?"

"ಎರಡನೇದು. ಮೊದಲನೇದರಲ್ಲಿ ಕೊನೇ ಸಾಲು ಇರುವೆ ಥರ ಓಡಾಡ್ತಿತ್ತು."

"ಹಾಂ, ಈಗ ಬಾಯಿ ಬಿಟ್ರಿ ನೋಡಿ."

ಬೀದಿಯವರೆಲ್ಲ ಆಕೆಯನ್ನು ಕನ್ನಡಕದಕ್ಕ ಎನ್ನುತ್ತಾರೆ. ಔಷಧದಂಗಡಿಗೂ ಬೀಗದ ಕೈ ಮಾಡುವವನ ಗೂಡಿಗೂ ನಡುವೆ ಸಿಕ್ಕಿಕೊಂಡಿರುವ ಅಂಗಡಿ. ಉದ್ದ ಇದೆ, ಅಗಲ ಇಲ್ಲ. ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕು. ಹಿಂದುಗಡೆ ಗಾಜು ಅರೆಯುವ ಯಂತ್ರ, ಅದರ ಮೇಲೆ ಸದಾ ನೀರು ತೊಟ್ಟಿಕ್ಕುವ ಸದ್ದು. ಕಣ್ಣು ಪರೀಕ್ಷೆ ಮಾಡುವುದು, ಚೌಕಟ್ಟು ಆರಿಸಿಕೊಡುವುದು, ಗಾಜು ಕತ್ತರಿಸಿ ಕೂರಿಸುವುದು, ಮೂಗಿನ ಮೇಲಿಟ್ಟು ಕಿವಿಯ ಹಿಂದೆ ಬಗ್ಗಿಸಿ ಸರಿಮಾಡುವುದು ಎಲ್ಲವೂ ಆಕೆಯದೇ. ದಿನವಿಡೀ ಆಕೆ ಕೇಳುವ ಪ್ರಶ್ನೆ ಒಂದೇ: ಇದೋ, ಇದೋ?

ಶನಿವಾರ ಮಾತ್ರ ಸಂಜೆಯಾಗುವ ಮೊದಲೇ ಶಟರ್ ಎಳೆಯುತ್ತಾಳೆ. ಕ್ಯಾಮೆರಾದ ಚೀಲವನ್ನು ಹೆಗಲಿಗೆ ಹಾಕಿಕೊಂಡು ಎರಡು ಬೀದಿ ಆಚೆಗಿರುವ ಬಣ್ಣದಂಗಡಿಯ ಮಹಡಿ ಹತ್ತುತ್ತಾಳೆ. ಕೆಲವು ತಿಂಗಳಿಂದ ಆಕೆಯ ಜೊತೆ ಆಕೆಯ ಅತ್ತೆಯೂ ಹತ್ತುತ್ತಾರೆ, ಕಂಬಿ ಹಿಡಿದು, ನಡುನಡುವೆ ನಿಂತು, ಮೆಟ್ಟಿಲು ಮಾಡಿದವನನ್ನು ಸಣ್ಣಗೆ ಬೈದುಕೊಳ್ಳುತ್ತ.

ಆ ಮಹಡಿ ಬಣ್ಣದ ಡಬ್ಬಿಗಳ ದಾಸ್ತಾನು ಕೋಣೆ. ಟರ್ಪೆಂಟೈನ್ ವಾಸನೆ ಬಟ್ಟೆಗೆ ಅಂಟಿಕೊಂಡು ಮನೆಯವರೆಗೂ ಬರುತ್ತದೆ. ಎರಡು ಕಪಾಟುಗಳ ನಡುವೆ ಒಂದು ಹಗ್ಗ ಕಟ್ಟಿದೆ, ಹಗ್ಗದ ತುಂಬ ಬಟ್ಟೆ ಒಣಹಾಕುವ ಕ್ಲಿಪ್ಪು. ಬಾಗಿಲ ಬಳಿ ಬಿಸ್ಕತ್ತಿನ ಹಳೆಯ ಡಬ್ಬಿ. ಶನಿವಾರ ಅಲ್ಲಿ ಸೇರುವ ಫೋಟೊ ಗುಂಪಿನವರು ತಾವು ತೆಗೆದ ಫೋಟೊಗಳ ಪ್ರಿಂಟನ್ನು ಹೆಸರಿಲ್ಲದೆ ಆ ಡಬ್ಬಿಯೊಳಗೆ ಹಾಕಬೇಕು. ಬಣ್ಣದಂಗಡಿಯ ಯಜಮಾನರು ಅವನ್ನು ಕಲಸಿ ಹಗ್ಗಕ್ಕೆ ನೇತುಹಾಕುತ್ತಾರೆ. ಎಲ್ಲರೂ ಒಂದೊಂದರ ಮುಂದೆ ನಿಂತು ಅನಿಸಿದ್ದನ್ನು ಹೇಳಬೇಕು. ತೆಗೆದವರು ತುಟಿ ಪಿಟ್ಟೆನ್ನುವಂತಿಲ್ಲ. ಎಲ್ಲ ಮುಗಿದ ಮೇಲೆ, ಇಷ್ಟವಿದ್ದರೆ, ಕೈ ಎತ್ತಿ "ನಂದು" ಎನ್ನಬಹುದು. ಇಷ್ಟವಿಲ್ಲದಿದ್ದರೆ ಸುಮ್ಮನೆ ಚಹಾ ಕುಡಿದು ಹೋಗಬಹುದು.

ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಗೋಡೆಯ ಮೇಲೆ, ಮಾರಾಟವಾಗದೆ ಉಳಿದ ಹಳದಿ ಬಣ್ಣದಲ್ಲಿ ಬರೆದಿದೆ: ಚೆನ್ನಾಗಿದೆ ಅಂದವರು ಲೋಟ ತೊಳೆಯಬೇಕು.

ಅದು ಬಂದದ್ದು ಬಸ್ ಡ್ರೈವರ್‌ನ ಹೆಬ್ಬೆರಳಿನ ದೆಸೆಯಿಂದ. ಗುಂಪು ಶುರುವಾದ ಹೊಸದರಲ್ಲಿ ಎಲ್ಲರೂ ಎಲ್ಲರಿಗೂ "ತುಂಬಾ ಚೆನ್ನಾಗಿದೆ" ಎಂದು ಹೇಳಿ, ಹೇಳಿಸಿಕೊಂಡು, ಸಂತೋಷವಾಗಿ ಮನೆಗೆ ಹೋಗುತ್ತಿದ್ದರು. ಫೋಟೊಗಳು ಮಾತ್ರ ಇದ್ದಲ್ಲೇ ಇದ್ದವು. ಒಂದು ಶನಿವಾರ ಡ್ರೈವರ್‌ನ ಪ್ರಿಂಟುಗಳ ಜೊತೆ ಅವನ ಹೆಬ್ಬೆರಳು ಲೆನ್ಸಿಗೆ ಅಡ್ಡ ಬಂದ ಒಂದು ಪ್ರಿಂಟೂ ಸೇರಿಕೊಂಡು ಹಗ್ಗಕ್ಕೇರಿತು. ಅದರಲ್ಲಿದ್ದದ್ದು ಬರೀ ಕೆಂಪು ಮಬ್ಬು. ಗಣಿತದ ಮೇಷ್ಟ್ರು ಅದರ ಮುಂದೆ ಕೈಕಟ್ಟಿ ನಿಂತು, "ಸಂಜೆ ಬೆಳಕು ತುಂಬಾ ಚೆನ್ನಾಗಿ ಬಂದಿದೆ" ಎಂದರು. ಯಜಮಾನರು "ಹೌದು ಹೌದು, ಒಂಥರಾ ಶಾಂತವಾಗಿದೆ" ಎಂದರು.

"ಸ್ವಾಮಿ, ಅದು ನನ್ನ ಹೆಬ್ಬೆಟ್ಟು!" ಎಂದು ಡ್ರೈವರ್ ಕೂಗಿದ.

ಅವತ್ತೇ ಕಟ್ಟಳೆ ಗೋಡೆಗೇರಿತು. ಮೊದಲ ಲೋಟಗಳನ್ನು ಮೇಷ್ಟ್ರೇ ತೊಳೆದರು.

ಕಟ್ಟಳೆ ಬಂದ ಮೇಲೆ ನಾಲಿಗೆಗಳು ಸಡಿಲವಾದವು. ಎಲ್ಲಕ್ಕಿಂತ ಹರಿತವಾದದ್ದು ಕನ್ನಡಕದಕ್ಕನದು. ಯಜಮಾನರ ದಾಸವಾಳದ ಫೋಟೊ ನೋಡಿ, "ಹೂವಿನ ಹಿಂದೆ ಪ್ಲಾಸ್ಟಿಕ್ ಬಕೆಟ್ ಇದೆ. ಗಿಡ ಎಲ್ಲಿದೆ ಅಂತ ಕಾಣ್ತಿಲ್ಲ, ಹೂ ಬಕೆಟ್ಟಲ್ಲೇ ಬಿಟ್ಟಿರಬೇಕು" ಎಂದಳು. ಮೇಷ್ಟ್ರ ಸಮುದ್ರದ ಮುಂದೆ ನಿಂತು, "ನೀರೆಲ್ಲಾ ಎಡಗಡೆಗೆ ಸೋರಿ ಹೋಗ್ತಿದೆ, ಯಾರಾದ್ರೂ ಬೇಗ ಪಾತ್ರೆ ಹಿಡೀರಪ್ಪ" ಎಂದಳು. ಕೋಣೆ ನಕ್ಕು ನಕ್ಕು ಸುಸ್ತಾಯಿತು. ಮೇಷ್ಟ್ರೂ ನಕ್ಕರು. ಆಮೇಲೆ ಅವರ ಸಮುದ್ರಗಳೆಲ್ಲ ಅಡಿಪಟ್ಟಿ ಇಟ್ಟು ಗೆರೆ ಎಳೆದಷ್ಟು ನೆಟ್ಟಗಾದವು. ಗುಂಪಿನವರು ಆಕೆಗೆ ಕತ್ತರಿ ಎಂದು ಹೆಸರಿಟ್ಟರು. ಆಕೆಗೆ ಅದು ಬಿರುದಿನಂತೆಯೇ ಇತ್ತು. ಹಲ್ಲಿನ ಆಸ್ಪತ್ರೆಯ ನರ್ಸೊಬ್ಬಳು ಒಂದೆರಡು ವಾರ ಬಂದು ಆಮೇಲೆ ಕಾಣಿಸಲೇ ಇಲ್ಲ. ಯಾಕೆ ಎಂದು ಆಗ ಯಾರೂ ಕೇಳಲಿಲ್ಲ.

ಅತ್ತೆ ಈ ಎಲ್ಲವನ್ನೂ ಮೂಲೆಯಲ್ಲಿ, ಬೋರಲು ಹಾಕಿದ ಪ್ರೈಮರ್ ಡಬ್ಬಿಯ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದರು.

ಕೇಳಿಸಿಕೊಳ್ಳುವುದು ಅವರ ಕಸುಬಾಗಿತ್ತು. ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ಆಪರೇಟರ್ ಆಗಿದ್ದವರು. ಕಿವಿಗೆ ಹೆಡ್‌ಫೋನ್, ಎದುರಿಗೆ ತೂತುಗಳ ದೊಡ್ಡ ಹಲಗೆ, ಕೈಯಲ್ಲಿ ತಂತಿ. ಊರಿನ ಅರ್ಧ ಜನರ ದನಿ ಅವರಿಗೆ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಯಂತ್ರ ಬಂದು ಹಲಗೆ ಹೋದ ಮೇಲೆ ಕೌಂಟರಿನಲ್ಲಿ ಕೂತು ನಿವೃತ್ತರಾದರು. ಅಲ್ಲಿನ ಗೆಳತಿಯರು ಇನ್ನೂ ಒಟ್ಟಿಗೇ ಇದ್ದಾರೆ, ವರ್ಷಕ್ಕೊಮ್ಮೆ ಒಬ್ಬರ ಮನೆಯಲ್ಲಿ ಸೇರುತ್ತಾರೆ. ಮಗ ಕೊಡಿಸಿದ ಫೋನಿನಲ್ಲಿ ಅತ್ತೆ ಪಾರ್ಕಿನ ಫೋಟೊ ತೆಗೆದು ಕಳಿಸಲು ಶುರುಮಾಡಿದಾಗ ಗೆಳತಿಯರು ಕೂಡಲೇ ತೀರ್ಮಾನಿಸಿದರು: ಈ ಸಲ ಸೇರಿದಾಗ ನಮ್ಮೆಲ್ಲರ ಫೋಟೊ ತೆಗೆಯೋದು ನೀನೇ. ಆ ಮಾತು ಬಂದ ದಿನದಿಂದ ಅತ್ತೆಯ ಬೆಳಗಿನ ವಾಕಿಂಗ್ ಉದ್ದವಾಯಿತು. ಹೋಗುವಾಗ ಸೊಸೆಗೆ ಏನೂ ಹೇಳುತ್ತಿರಲಿಲ್ಲ. ಮಗನಿಗೆ ಮಾತ್ರ, ಗುಟ್ಟಾಗಿ, "ಇದನ್ನ ಪ್ರಿಂಟ್ ಹಾಕಿಸ್ಕೊಂಡು ಬಾರೋ, ಅವಳಿಗೆ ಹೇಳ್ಬೇಡ" ಎಂದಿದ್ದರು.

ಹಾಗೆ ಒಂದು ಶನಿವಾರ ಹಗ್ಗದ ಮೇಲೆ ಹೊಸಬರ ಫೋಟೊಗಳು ಬಂದವು. ಪಾರ್ಕಿನ ಬೆಂಚು, ಬೆಂಚಿನ ಮೇಲೆ ಸಾಲಾಗಿ ಕೂತ ಜನ, ಯಾರಿಗೂ ತಲೆಯಿಲ್ಲ. ಹಗ್ಗದಾಟ ಆಡುವ ಹುಡುಗಿ, ಕುತ್ತಿಗೆಯ ಮೇಲೆ ಏನೂ ಇಲ್ಲ. ಪೇಪರ್ ಓದುವ ಮುದುಕರು, ಪೇಪರ್ ಇದೆ, ಮುದುಕರಿಲ್ಲ.

ಕತ್ತರಿ ಒಂದು ಹೆಜ್ಜೆ ಹಿಂದೆ ಸರಿದು ನಿಂತಳು. ಕೋಣೆ ಕಾಯುತ್ತಿತ್ತು.

"ಇದನ್ನ ತೆಗೆದವರಿಗೆ ಮನುಷ್ಯರ ತಲೆ ಮೇಲೆ ಹಳೇ ದ್ವೇಷ ಏನೋ ಇರಬೇಕು" ಎಂದಳು. "ಸಾಲಾಗಿ ಕೂರಿಸಿ ಒಂದೇ ಏಟಿಗೆ ಹಾರಿಸಿದಾರೆ. ಪೊಲೀಸಿಗೆ ಹೇಳೋದು ಒಳ್ಳೇದು."

ಡ್ರೈವರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮೂಲೆಯಲ್ಲಿ ಅತ್ತೆಯೂ ನಕ್ಕರು, ಎಲ್ಲರೂ ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು.

ಕೊನೆಯಲ್ಲಿ ಆ ಫೋಟೊಗಳಿಗೆ ಯಾರೂ ಕೈ ಎತ್ತಲಿಲ್ಲ.

ಆ ವಾರ ಮನೆಯಲ್ಲಿ ಏನೋ ಬದಲಾಯಿತು, ಏನು ಎಂದು ಸೊಸೆಗೆ ತಕ್ಷಣ ಹೊಳೆಯಲಿಲ್ಲ. ಅತ್ತೆ ಬೆಳಿಗ್ಗೆ ಬೇಗ ವಾಪಸಾಗುತ್ತಿದ್ದರು. ಫೋನು ಸದಾ ಅವರ ಕೈಚೀಲದಲ್ಲಿರುತ್ತಿತ್ತು, ಈಗ ಷೋಕೇಸಿನ ಮೇಲೆ ಚಾರ್ಜರಿಗೆ ಸಿಕ್ಕಿಸಿದ್ದು ಸಿಕ್ಕಿಸಿದಂತೆಯೇ ಇತ್ತು. ಬುಧವಾರ ಸಂಜೆ ಆಕೆ ಚಪ್ಪಲಿ ಬಿಚ್ಚುತ್ತಿದ್ದಾಗ ಒಳಗಿನಿಂದ ಅತ್ತೆಯ ದನಿ ಕೇಳಿಸಿತು. ಮನೆಯ ಫೋನಿನಲ್ಲಿ ಮಾತಾಡುತ್ತಿದ್ದರು.

"ಇಲ್ಲ ಕಣೇ, ಫೋಟೊಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ. ನಂಗೆ ಕೈ ನಡುಗುತ್ತೆ. ಹೌದೇ, ಈಗೀಗ. ಬರ್ತೀನಿ, ಬರಲ್ಲ ಅಂತ ಯಾರಂದ್ರು? ಸುಮ್ನೆ ಕೂತು ತಿಂದು ಬರ್ತೀನಿ."

ಅತ್ತೆಯ ಕೈ ನಡುಗುವುದಿಲ್ಲ. ಸೂಜಿಗೆ ದಾರ ಪೋಣಿಸಲು ಮನೆಯವರೆಲ್ಲ ಈಗಲೂ ಅವರ ಹತ್ತಿರವೇ ಹೋಗುತ್ತಾರೆ.

ಗಂಡ ಅಡುಗೆಮನೆಯ ಮೇಜಿನ ಮುಂದೆ ಕೂತು ಅತೀವ ಶ್ರದ್ಧೆಯಿಂದ ಬಟಾಣಿ ಬಿಡಿಸುತ್ತಿದ್ದ. ಅವನು ಅಷ್ಟು ಶ್ರದ್ಧೆಯಿಂದ ಏನಾದರೂ ಮಾಡುತ್ತಿದ್ದಾನೆ ಎಂದರೆ ಹೊಟ್ಟೆಯಲ್ಲಿ ಏನೋ ಇಟ್ಟುಕೊಂಡಿದ್ದಾನೆ ಎಂದೇ ಅರ್ಥ.

"ಏನ್ರೀ ಇದು?"

"ನನ್ನ ಕೇಳ್ಬೇಡ. ಈ ಮನೇಲಿ ನಾನು ಯಾವ ಪಾರ್ಟಿಗೂ ಸೇರಿಲ್ಲ."

"ರೀ."

"ಹೋದ ಶನಿವಾರ ತಲೆ ಇಲ್ದಿರೋ ಫೋಟೊ ಇತ್ತಲ್ಲ" ಎಂದ ಅವನು, ಬಟಾಣಿಯ ಕಡೆಗೇ ನೋಡುತ್ತ. "ಪ್ರಿಂಟ್ ಹಾಕಿಸಿದ್ದು ನಾನು. ತೆಗೆದಿದ್ದು ಅಮ್ಮ."

ಆಕೆ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ನೇರವಾಗಿ ಅತ್ತೆಯ ಕೋಣೆಗೆ ಹೋದಳು. ಅತ್ತೆ ಮಂಚದ ಮೇಲೆ ಕೂತು ಒಗೆದ ಬಟ್ಟೆ ಮಡಚುತ್ತಿದ್ದರು.

"ಅತ್ತೆ, ನಂಗೆ ಗೊತ್ತಿರ್ಲಿಲ್ಲ. ಆ ಫೋಟೊಗಳು… ಆ ಫೋಟೊಗಳು ಚೆನ್ನಾಗಿದ್ವು."

ಅತ್ತೆ ತಲೆ ಎತ್ತಲಿಲ್ಲ. ದಿಂಬಿನ ಕವರನ್ನು ನಾಲ್ಕು ಮಡಿಕೆ ಮಾಡಿ ಇಟ್ಟರು.

"ಹಂಗಾದ್ರೆ ಹೋಗಿ ಲೋಟ ತೊಳಿ."

ಸೊಸೆಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಅತ್ತೆ ತಮಾಷೆ ಮಾಡುತ್ತಿರಲಿಲ್ಲ. ಆಕೆ ಹೋಗಿ ಸಿಂಕಿನಲ್ಲಿದ್ದ ಲೋಟಗಳನ್ನೆಲ್ಲ ತೊಳೆದಳು. ಅತ್ತೆ ಹಿಂದೆಯೇ ಬಂದು ಬಾಗಿಲಿಗೆ ಒರಗಿ ನಿಂತರು.

"ನೋಡಮ್ಮ, ನೀನು ಹೇಳಿದ್ದು ಸುಳ್ಳಲ್ಲ. ತಲೆ ಹೋಗಿದ್ದು ನಿಜ. ನಾನೂ ನಕ್ಕೆ, ನಗು ಬಂತು ನಕ್ಕೆ. ಮನೆಗೆ ಬಂದು ಯೋಚನೆ ಮಾಡ್ದೆ. ತಲೆ ಹೋಗಿದೆ ಅಂದ್ಳು, ಸರಿ. ತಲೆ ತರೋದು ಹೆಂಗೆ ಅಂತ ಹೇಳ್ಲೇ ಇಲ್ವಲ್ಲ. ಎಕ್ಸ್‌ಚೇಂಜಲ್ಲಿ ನಾವು ಲೈನು ಹೋಗಿದೆ ಅಂತ ಹೇಳಿ ಫೋನ್ ಇಟ್ಟಿದ್ರೆ ಕೆಲಸ ಇರ್ತಿತ್ತಾ? ಎಲ್ಲಿ ಹೋಗಿದೆ ನೋಡ್ಬೇಕಿತ್ತು."

ಶನಿವಾರದ ಕಟ್ಟಳೆಯ ಪ್ರಕಾರ ಹೇಳಿಸಿಕೊಳ್ಳುವವರು ಮಾತಾಡುವಂತಿಲ್ಲ. ಅದು ಎಷ್ಟು ಕಷ್ಟ ಎಂಬುದು ಸೊಸೆಗೆ ಅವತ್ತು ಅಡುಗೆಮನೆಯಲ್ಲಿ ತಿಳಿಯಿತು. ಗಂಡ ಬಟಾಣಿ ಬಿಡಿಸುವುದನ್ನು ನಿಲ್ಲಿಸಿದ್ದ.

ಕೊನೆಗೆ ಆಕೆ ಕೇಳಿದಳು: "ಒಂದು ತೆಗೀತೀರಾ ಅತ್ತೆ? ಈಗ. ನಂದೇ. ನೀವು ಹೆಂಗೆ ತೆಗೀತೀರ ನೋಡ್ಬೇಕು."

ಅತ್ತೆ ಸ್ವಲ್ಪ ಬಿಗುಮಾನ ಮಾಡಿ, ಷೋಕೇಸಿನಿಂದ ಫೋನ್ ತಂದರು. ಸಿಂಕಿನ ಮುಂದೆ ಒದ್ದೆ ಕೈಯಲ್ಲಿ ನಿಂತ ಸೊಸೆಯ ಎದುರಿಗೆ ನಿಂತು, ಫೋನನ್ನು ಹೊಟ್ಟೆಯ ಮಟ್ಟಕ್ಕೆ ಇಳಿಸಿ, ಪರದೆಯನ್ನು ಮುಖದ ಕಡೆಗೆ ಓರೆಮಾಡಿ, ಗಲ್ಲ ಮೇಲೆತ್ತಿ, ಕಣ್ಣು ಕೆಳಗೆ ಹಾಯಿಸಿ ನೋಡಿದರು.

ಕನ್ನಡಕದಕ್ಕನಿಗೆ ಆ ಭಂಗಿ ಗೊತ್ತಿತ್ತು. ಕನ್ನಡಕ ಸರಿಯಿಲ್ಲ ಎಂದು ಅಂಗಡಿಗೆ ದೂರು ತರುವವರು ಹಾಗೆ ನಿಲ್ಲುತ್ತಾರೆ.

"ಹಂಗೇ ಇರಿ ಅತ್ತೆ, ಅಲ್ಲಾಡ್ಬೇಡಿ. ಪರದೆಯಲ್ಲಿ ನನ್ನ ಕಾಲು ಕಾಣುತ್ತಾ?"

"ಚೆನ್ನಾಗಿ… ಸ್ಪಷ್ಟವಾಗಿ ಕಾಣುತ್ತೆ. ಕಾಲುಂಗುರವೂ ಕಾಣುತ್ತೆ."

"ನನ್ನ ಮುಖ?"

"ಪರದೆಯ ಮೇಲ್ಗಡೆಯೆಲ್ಲಾ ಮಂಜು. ಯಾವಾಗ್ಲೂ ಮಂಜೇ. ಅದು ಫೋನೇ ಹಂಗಲ್ವಾ?"

"ಯಾವಾಗಿಂದ ಹಂಗೆ?"

ಅತ್ತೆ ಕನ್ನಡಕವನ್ನು ಮೂಗಿನ ಮೇಲಕ್ಕೆ ಸರಿಸಿಕೊಂಡರು. "ನೀನು ಈ ಕನ್ನಡಕ ಮಾಡಿಕೊಟ್ಟಾಗಿಂದ."

ಅದು ಎರಡು ನೋಟದ ಕನ್ನಡಕ. ಮೇಲಿನ ಭಾಗ ದೂರಕ್ಕೆ, ಕೆಳಗಿನ ಅರ್ಧಚಂದ್ರ ಹತ್ತಿರಕ್ಕೆ. ಅರ್ಧಚಂದ್ರ ಎಷ್ಟು ಎತ್ತರದಲ್ಲಿರಬೇಕು ಎಂದು ಗಾಜಿನ ಮೇಲೆ ಪೆನ್ನಿನಲ್ಲಿ ಗುರುತು ಹಾಕುತ್ತಾರೆ. ಗುರುತು ಹಾಕುವಾಗ ಹಾಕುವವರ ಕಣ್ಣೂ ಹಾಕಿಸಿಕೊಳ್ಳುವವರ ಕಣ್ಣೂ ಒಂದೇ ಮಟ್ಟದಲ್ಲಿರಬೇಕು. ಅಂಗಡಿಯಲ್ಲಿ ಅದಕ್ಕೆಂದೇ ತಿರುಗಿಸಿ ಎತ್ತರ ಮಾಡುವ ಸ್ಟೂಲು ಇದೆ. ಬೀದಿಯ ಪ್ರತಿಯೊಬ್ಬರಿಗೂ ಆಕೆ ಆ ಸ್ಟೂಲನ್ನು ತಿರುಗಿಸಿ ಕೂತೇ ಗುರುತು ಹಾಕಿದ್ದಾಳೆ. ಮನೆಯವರೇ ಅಲ್ಲವೇ ಎಂದು ಅತ್ತೆಗೆ ಮಾತ್ರ ಮನೆಯಲ್ಲೇ ಹಾಕಿದ್ದಳು. ಅತ್ತೆ ದಿವಾನದ ಮೇಲೆ ಕೂತಿದ್ದರು, ಸೊಸೆ ನೆಲದ ಮೇಲೆ. ಅತ್ತೆ ಕಣ್ಣು ತಗ್ಗಿಸಿ ಸೊಸೆಯನ್ನು ನೋಡುತ್ತಿದ್ದರು, ಪೆನ್ನಿನ ಗುರುತೂ ತಗ್ಗಿಗೆ ಬಿತ್ತು. ಅರ್ಧಚಂದ್ರ ಇರಬೇಕಾದ್ದಕ್ಕಿಂತ ಕೆಳಗೆ ಕೂತಿತು. ಅಂದಿನಿಂದ ಅತ್ತೆಗೆ ಹತ್ತಿರದ ಯಾವ ವಸ್ತುವಾದರೂ ಕೆಳಗಿನ ಅರ್ಧ ಮಾತ್ರ ಸ್ಪಷ್ಟ. ಅದಕ್ಕೇ ಫೋನು ಹೊಟ್ಟೆಗಿಳಿದಿತ್ತು, ಕ್ಯಾಮೆರಾದ ಕಣ್ಣು ನೆಲ ನೋಡುತ್ತಿತ್ತು. ತಲೆಗಳು ಹೋದದ್ದು ಅಲ್ಲಿ.

"ತಲೆ ಹಾರಿಸಿದ್ದು ನಾನೇ ಅತ್ತೆ" ಎಂದಳು ಸೊಸೆ. ಹೇಳಿ ಮುಗಿಸುವಷ್ಟರಲ್ಲಿ ಆಕೆಗೆ ನಗು ತಡೆಯಲಾಗಲಿಲ್ಲ. "ಪೊಲೀಸಿಗೆ ಹೇಳ್ಬೇಕಾಗಿದ್ದು ನನ್ನ ಮೇಲೆ. ಇಷ್ಟು ದಿನ ಯಾಕೆ ಹೇಳ್ಲಿಲ್ಲ ನೀವು?"

"ನೀನು ತಂದುಕೊಟ್ಟ ದಿನ ಏನಂತ ಕೇಳ್ದೆ? 'ಚೆನ್ನಾಗಿದೆಯಾ ಅತ್ತೆ?' ಅಂತ ಕೇಳ್ದೆ. ಅಷ್ಟು ಪ್ರೀತಿಯಿಂದ ಮಾಡಿದೀಯ, ಇಲ್ಲ ಅನ್ನೋಕಾಗುತ್ತಾ? ಚೆನ್ನಾಗಿದೆ ಅಂದೆ."

ಮೇಜಿನ ಕಡೆಯಿಂದ ಗಂಡನ ದನಿ ಬಂತು. "ಹಂಗಾದ್ರೆ ಅಮ್ಮ, ನೀನೂ ಲೋಟ ತೊಳೀಬೇಕು."

ಲೋಟಗಳೆಲ್ಲ ಆಗಲೇ ತೊಳೆದಾಗಿತ್ತು. ಅತ್ತೆ ಅವನ ಮುಂದಿದ್ದ ಚಹಾದ ಲೋಟವನ್ನು, ಅವನು ಇನ್ನೂ ಕುಡಿಯುತ್ತಿರುವಾಗಲೇ, ಕಿತ್ತುಕೊಂಡು ಹೋಗಿ ತೊಳೆದರು.

ಮಾರನೆಯ ದಿನ ಅತ್ತೆ ಅಂಗಡಿಗೆ ಹೋದರು. ಸೊಸೆ ಸ್ಟೂಲನ್ನು ತಿರುಗಿಸಿ ಅವರ ಕಣ್ಣಿನ ಮಟ್ಟಕ್ಕೆ ಬಂದು ಹೊಸದಾಗಿ ಗುರುತು ಹಾಕಿದಳು. ಈ ಸಲ "ಚೆನ್ನಾಗಿದೆಯಾ" ಎಂದು ಕೇಳಲಿಲ್ಲ. ಪೇಪರ್ ಕೈಗಿಟ್ಟು, "ಮೇಲಿನ ಸಾಲು ಓದಿ. ಕೆಳಗಿನ ಸಾಲು ಓದಿ. ಎಲ್ಲಿ ಕಷ್ಟ ಆಗುತ್ತೆ ಹೇಳಿ" ಎಂದಳು. ಅತ್ತೆ ಬಲಗಿವಿಯ ಹಿಂದೆ ಒತ್ತುತ್ತದೆ ಎಂದರು, ಮೂಗಿನ ಮೇಲೆ ಜಾರುತ್ತದೆ ಎಂದರು, ಬಣ್ಣವೂ ಮೊದಲಿಂದ ಇಷ್ಟವಿರಲಿಲ್ಲ ಎಂದರು. ಒಮ್ಮೆ ಬಾಯಿ ಬಿಟ್ಟ ಮೇಲೆ ಅವರು ಏನನ್ನೂ ಬಾಕಿ ಉಳಿಸಲಿಲ್ಲ. ಸೊಸೆ ಚೌಕಟ್ಟನ್ನೇ ಬದಲಾಯಿಸಿದಳು.

ಗಾಜು ಸಿದ್ಧವಾಗುವ ಮೊದಲೇ ಶನಿವಾರ ಬಂತು. ಕನ್ನಡಕದಕ್ಕ ತಲೆಯಿಲ್ಲದ ಬೆಂಚಿನ ಫೋಟೊವನ್ನು ಮತ್ತೆ ಹಗ್ಗಕ್ಕೆ ಹಾಕಿಸಿದಳು.

"ಕತ್ತರಿ ಮೇಡಂ, ಇದಕ್ಕೆ ಆಗ್ಲೇ ಶಿಕ್ಷೆ ಆಗಿದೆಯಲ್ಲ?" ಎಂದರು ಯಜಮಾನರು.

"ಮರುವಿಚಾರಣೆ" ಎಂದಳು ಆಕೆ.

ಚೀಲದಿಂದ ಎರಡು ರಟ್ಟಿನ ತುಂಡು ತೆಗೆದಳು. ಎರಡನ್ನೂ ಬಡಗಿಯ ಮೂಲೆಮಟ್ಟದಂತೆ ಇಂಗ್ಲಿಷಿನ ಎಲ್ ಆಕಾರಕ್ಕೆ ಕತ್ತರಿಸಿದ್ದಳು. ಎದುರುಬದುರಾಗಿ ಜೋಡಿಸಿದರೆ ನಡುವೆ ಒಂದು ಕಿಟಕಿಯಾಗುತ್ತದೆ, ಜರುಗಿಸಿದರೆ ಕಿಟಕಿ ಹಿರಿದೋ ಕಿರಿದೋ ಆಗುತ್ತದೆ. ಅದನ್ನು ಫೋಟೊದ ಮೇಲಿಟ್ಟು ಮೇಲಿನ ಅರ್ಧವನ್ನು ಮುಚ್ಚಿದಳು.

"ಇದೋ?" ರಟ್ಟನ್ನು ತೆಗೆದಳು. "ಇದೋ?"

ಮತ್ತೆ ಮುಚ್ಚಿದಾಗ ಎಲ್ಲರೂ ಮುಂದಕ್ಕೆ ಬಾಗಿದರು. ಮುಂಡಗಳೆಲ್ಲ ಮರೆಯಾಗಿ ಬೆಂಚಿನ ಕೆಳಗಿನ ಪಾದಗಳು ಮಾತ್ರ ಉಳಿದಿದ್ದವು. ಲೇಸು ಬಿಚ್ಚಿಕೊಂಡ ಕ್ಯಾನ್ವಾಸ್ ಶೂ. ಪಕ್ಕದಲ್ಲಿ ಒಂದು ಚಪ್ಪಲಿಯಿಂದ ಅರ್ಧ ಹೊರಬಂದು ಗಾಳಿ ಸೇವಿಸುತ್ತಿದ್ದ ಹಿಮ್ಮಡಿ. ಅದರ ಪಕ್ಕ ಒಂದರ ಮೇಲೊಂದು ಹಾಕಿಕೊಂಡ, ಮೇಲಿನದು ಅಲ್ಲಾಡಿ ಮಸುಕಾಗಿ ಬಂದ ಕಾಲುಗಳು. ತುದಿಯಲ್ಲಿ ಜಂಬದ ಕಪ್ಪು ಬೂಟು, ಬೇರೆಲ್ಲ ಪಾದಗಳಿಗಿಂತ ಒಂದು ಗೇಣು ದೂರ. ಬೆಳಗಿನ ಬಿಸಿಲಿಗೆ ಎಲ್ಲದರ ನೆರಳೂ ಒಂದೇ ಕಡೆ ಚಾಚಿತ್ತು. ಯಾರು ಹರಟುತ್ತಿದ್ದಾರೆ, ಯಾರಿಗೆ ಬೇಸರ ಬಂದಿದೆ, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಎಲ್ಲವೂ ಅಲ್ಲಿತ್ತು.

"ಅಯ್ಯೋ, ಇದು ತುಂಬಾ ಚೆನ್…" ಎಂದ ಮೇಷ್ಟ್ರು ಬಾಯಿಗೆ ಕೈ ಅಡ್ಡ ಹಿಡಿದರು.

"ಅರ್ಧ ಅಂದ್ರೂ ಅರ್ಧ ಲೋಟ ತೊಳೀಬೇಕು ಮೇಷ್ಟ್ರೇ" ಎಂದ ಡ್ರೈವರ್. ಆಮೇಲೆ ಅವನೇ ಬಗ್ಗಿ ನೋಡಿ ಹೇಳಿದ, "ಬೂಟಿನವನು ಬೇರೆಯವರ ಜೊತೆ ಸೇರಲ್ಲ. ಅವನ ಆ ಕಡೆ ಇನ್ನೊಂಚೂರು ಜಾಗ ಬಿಟ್ಟಿದ್ರೆ ಅವನು ಇನ್ನೂ ಒಂಟಿಯಾಗಿ ಕಾಣ್ತಿದ್ದ."

ಮೂಲೆಯ ಪ್ರೈಮರ್ ಡಬ್ಬಿಯ ಮೇಲಿಂದ ಒಂದು ಕೈ ಮೇಲೆದ್ದಿತು. "ನಂದು."

ಹೋದ ವಾರ ಯಾರ ಮುಂದೆ ಯಾರನ್ನು ನೋಡಿ ನಕ್ಕಿದ್ದೆವು ಎಂಬುದು ಒಬ್ಬೊಬ್ಬರ ಮುಖದಲ್ಲೂ ನಿಧಾನವಾಗಿ ಮೂಡಿತು. ಕನ್ನಡಕದಕ್ಕ ಅರ್ಧಚಂದ್ರದ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು, ದಿವಾನವನ್ನೂ ಬಿಡದೆ. ಈ ಸಲ ನಕ್ಕದ್ದು ಆಕೆಯ ಮೇಲೆ, ಅತ್ತೆ ಎಲ್ಲರಿಗಿಂತ ಜೋರಾಗಿ.

"ಇಷ್ಟು ದಿನ ಸುಮ್ನೆ ಕೂತಿದ್ರಿ, ಅಮ್ಮ" ಎಂದರು ಯಜಮಾನರು. "ನೀವೂ ಏನಾದ್ರೂ ಹೇಳಿ. ಇಲ್ಲಿರೋದ್ರಲ್ಲಿ ಯಾವುದಾದ್ರೂ ಒಂದು."

ಅತ್ತೆ ಎದ್ದು ಹಗ್ಗದ ಉದ್ದಕ್ಕೂ ನಡೆದು ಒಂದು ಫೋಟೊದ ಮುಂದೆ ನಿಂತರು. ನೀಲಿ ಬಾಗಿಲು, ಅದರ ಮೇಲೆ ಕಿಟಕಿಯ ಸರಳಿನ ನೆರಳು. ಗೆರೆ ಗೆರೆಯೂ ಸ್ಪಷ್ಟ. ಯಾರದು ಎಂದು ಹೇಳುವಂತಿಲ್ಲ, ಆದರೆ ಅಷ್ಟು ಚೊಕ್ಕವಾಗಿ ಬಾಗಿಲು ತೆಗೆಯುವವರು ಆ ಕೋಣೆಯಲ್ಲಿ ಒಬ್ಬಳೇ.

"ಎಲ್ಲಾ ನೆಟ್ಟಗಿದೆ. ಧೂಳೂ ಇಲ್ಲ" ಎಂದರು ಅತ್ತೆ. "ಆದ್ರೆ ಫೋನ್ ರಿಂಗ್ ಆಗ್ತಾ ಇದೆ, ಯಾರೂ ಎತ್ತುತ್ತಾ ಇಲ್ಲ ಅನ್ನೋ ಥರ ಇದೆ. ಇವರ ಬಾಗಿಲುಗಳೆಲ್ಲಾ ಹಂಗೇ, ನಾನು ನೋಡ್ತಾನೇ ಇದೀನಿ. ಯಾರಾದ್ರೂ ಬಾಗಿಲು ತೆಗೆಯೋ ತನಕ ಸ್ವಲ್ಪ ಹೊತ್ತು ಕಾದಿದ್ರೆ ಆಗ್ತಿತ್ತು. ಕಾಯೋಕೆ ದುಡ್ಡು ಕೊಡಬೇಕಾ?"

ಕನ್ನಡಕದಕ್ಕ ತುಟಿ ಕಚ್ಚಿ ನಿಂತಳು. ಹೇಳಲು ಆಕೆಗೆ ಬೇಕಾದಷ್ಟಿತ್ತು. ನೆರಳು ಸರಿದು ಹೋಗುತ್ತಿತ್ತು, ಬೆಳಕು ನಿಲ್ಲುತ್ತಿರಲಿಲ್ಲ, ಮನೆಯವರು ಬಾಗಿಲು ತೆಗೆದಿದ್ದರೆ ಬೈಯುತ್ತಿದ್ದರು. ಒಂದನ್ನೂ ಹೇಳಲಿಲ್ಲ. ಕೊನೆಯಲ್ಲಿ ಕೈ ಎತ್ತಿ, "ನಂದು. ಕಾಯ್ತೀನಿ" ಎಂದಳು.

ಅವತ್ತೇ ಗೋಡೆಯ ಹಳದಿ ಅಕ್ಷರಗಳ ಕೆಳಗೆ ಇನ್ನೊಂದು ಸಾಲು ಬಂತು: ತಪ್ಪು ತೋರಿಸಿದವರು ದಾರಿಯನ್ನೂ ತೋರಿಸಬೇಕು. ಹಳದಿ ಮುಗಿದಿದ್ದರಿಂದ ಅದು ಹಸಿರಿನಲ್ಲಿದೆ. ರಟ್ಟಿನ ತುಂಡುಗಳು ಈಗ ಹಗ್ಗದ ಪಕ್ಕದ ಮೊಳೆಗೆ ನೇತಾಡುತ್ತವೆ. ಹಲ್ಲಿನ ಆಸ್ಪತ್ರೆಗೆ ಕನ್ನಡಕದಕ್ಕ ತಾನೇ ಹೋಗಿ, ಹಲ್ಲು ತೋರಿಸಿಕೊಳ್ಳುವ ನೆಪ ಮಾಡಿ ನರ್ಸನ್ನು ಮಾತಾಡಿಸಿ ಬಂದಳು. ಅವಳು ಮತ್ತೆ ಬರತೊಡಗಿದ್ದಾಳೆ. ನೆಪಕ್ಕೆ ತೋರಿಸಿದ ಹಲ್ಲಿಗೆ ನಿಜವಾಗಿಯೂ ತೂತು ಬಿದ್ದಿತ್ತು, ಅದನ್ನೂ ತುಂಬಿಸಿಕೊಂಡಾಯಿತು.

ಹೊಸ ಕನ್ನಡಕ ಬಂದ ಮೊದಲ ಕೆಲವು ದಿನ ಅತ್ತೆಯ ಫೋಟೊಗಳಲ್ಲಿ ತಲೆಗಳೇ ತಲೆಗಳು, ಮೇಲೆ ಬೇಕಾದಷ್ಟು ಆಕಾಶ. ಈಗ ಪಾದಗಳು ನಾಪತ್ತೆ. ಮಗನಿಗೆ ಸೊಂಟದಿಂದ ಮೇಲಷ್ಟೇ ಉಳಿಯಿತು. ಸೊಸೆ ನಗಲಿಲ್ಲ. "ಒಂದು ಹೆಜ್ಜೆ ಹಿಂದೆ ಹೋಗಿ ಅತ್ತೆ" ಎಂದಳು. ಅತ್ತೆ ಒಂದು ಹೆಜ್ಜೆ ಹಿಂದೆ ಹೋದರು, ಬಾಲ್ದಿ ಎಡವಿದರು, ಬೈದರು, ತೆಗೆದರು. ತಲೆಯಿಂದ ಕಾಲಿನವರೆಗೆ ಇಡೀ ಮಗ ಮೊದಲ ಬಾರಿಗೆ ಒಂದೇ ಫೋಟೊದಲ್ಲಿ ಬಂದ. ಅವತ್ತು ರಾತ್ರಿ ಊಟಕ್ಕೆ ಮೊದಲೇ ಅತ್ತೆ ಗೆಳತಿಗೆ ಫೋನ್ ಮಾಡಿದರು: "ಕೇಳಿಲ್ಲಿ. ಫೋಟೊಗೆ ಬೇರೆ ಯಾರಿಗಾದ್ರೂ ಹೇಳಿದ್ರೆ ಕ್ಯಾನ್ಸಲ್ ಮಾಡು. ನನ್ನ ಕೈ ಸರಿಹೋಗಿದೆ."

ಕಳೆದ ಭಾನುವಾರ ಗೆಳತಿಯರು ಸೇರಿದ್ದು ಒಬ್ಬರ ಮನೆಯ ತಾರಸಿಯಲ್ಲಿ. ಬಿಸಿಲು ಇಳಿದಿತ್ತು, ನೀರಿನ ಟ್ಯಾಂಕಿನ ಮೇಲೆ ಪಾರಿವಾಳಗಳಿದ್ದವು. ಗೆಳತಿಯರು ಗೋಡೆಗೆ ಬೆನ್ನು ಕೊಟ್ಟು, ಕೈಗಳನ್ನು ಮಡಿಲಲ್ಲಿಟ್ಟು, ಗುರುತಿನ ಚೀಟಿಗೆ ಕೂತವರಂತೆ ಕೂತರು. ಅತ್ತೆ ಫೋನನ್ನು ಮುಖದ ಮಟ್ಟಕ್ಕೆ ಹಿಡಿದು ನೋಡಿದರು, ಇಳಿಸಿದರು.

"ಏನೇ ಇದು, ಯಾರೋ ಸತ್ತ ಹಾಗೆ ಕೂತಿದೀರ? ಎಲ್ಲಾ ಕಣ್ಣು ಮುಚ್ಚಿ. ಮುಚ್ಚಿ ಅಂದ್ರೆ ಮುಚ್ಚಿ. ಈಗ ಬೋರ್ಡ್ ಮುಂದೆ ಇದೀರ. ಬೆಳಗಿನ ಶಿಫ್ಟು. ಎಲ್ಲಾ ಲೈನೂ ಒಟ್ಟಿಗೇ ಬಂದಿದೆ. ಹೇಳಿ!"

ತುದಿಯಲ್ಲಿದ್ದವರು, ಮಂಡಿನೋವಿನಿಂದ ಅಲ್ಲಿಯವರೆಗೆ ಮುಖ ಹಿಂಡಿಕೊಂಡಿದ್ದವರು, ಸಕ್ಕರೆಯಂಥ ದನಿಯಲ್ಲಿ "ನಂಬರ್ ಪ್ಲೀಸ್" ಎಂದರು. ಪಕ್ಕದವರು "ಲೈನಿನಲ್ಲಿರಿ" ಎಂದರು. ಮತ್ತೊಬ್ಬರು "ಯಜಮಾನ್ರೇ, ಕೂಗ್ಬೇಡಿ, ಕೇಳಿಸ್ತಾ ಇದೆ" ಎಂದರು. ಎಲ್ಲರ ಕಣ್ಣೂ ಒಟ್ಟಿಗೇ ತೆರೆದವು, ತಾರಸಿಯ ಪಾರಿವಾಳಗಳು ಹಾರಿಹೋಗುವಷ್ಟು ನಗು ಎದ್ದಿತು. ಅತ್ತೆ ಒತ್ತಿದರು.

ಫೋಟೊದಲ್ಲಿ ಎಲ್ಲ ತಲೆಗಳೂ ಇವೆ. ಎಲ್ಲ ಪಾದಗಳೂ ಇವೆ. ಮಂಡಿನೋವಿನವರು ನಗುವ ಭರದಲ್ಲಿ ಪಕ್ಕದವರ ಚಪ್ಪಲಿ ತುಳಿದದ್ದೂ ಇದೆ.

ಆ ಹೊತ್ತಿಗೆ, ಅತ್ತೆಯ ಜೊತೆಗೇ ಬಂದಿದ್ದ ಕನ್ನಡಕದಕ್ಕ ತಾರಸಿಯ ಇನ್ನೊಂದು ಮೂಲೆಯಲ್ಲಿ, ಮೆಟ್ಟಿಲ ಕೋಣೆಯ ಹಸಿರು ಬಾಗಿಲಿಗೆ ಕ್ಯಾಮೆರಾ ಹಿಡಿದು ಕಾಯುತ್ತಿದ್ದಳು. ಬಿಸಿಲು ಬಾಗಿಲಿಂದ ಪೂರ್ತಿ ಸರಿದುಹೋಯಿತು. ಆಕೆ ಅಲ್ಲಾಡಲಿಲ್ಲ. ಫೋಟೊ ಮುಗಿಸಿ ಕೆಳಗಿಳಿದು ಹೋಗಿದ್ದ ಅತ್ತೆ ಒಂದು ಕೈಯಲ್ಲಿ ಚಹಾದ ತಟ್ಟೆ ಹಿಡಿದು, ಮೊಣಕೈಯಿಂದ ಬಾಗಿಲು ತಳ್ಳಿ ಹೊರಗೆ ಬಂದರು, ಬಾಯಿ ತೆರೆದಿತ್ತು, ಯಾರಿಗೋ ಏನೋ ಹೇಳುತ್ತಿದ್ದರು. ಸೊಸೆ ಒತ್ತಿದಳು.

ಎರಡು ಫೋಟೊಗಳನ್ನೂ ಮಗ ಪ್ರಿಂಟ್ ಹಾಕಿಸಿಕೊಂಡು ಬಂದಿದ್ದಾನೆ. ಶನಿವಾರ ಅವು ಹೆಸರಿಲ್ಲದೆ ಬಿಸ್ಕತ್ತಿನ ಡಬ್ಬಿಗೆ ಬೀಳುತ್ತವೆ, ಅಲ್ಲಿಂದ ಹಗ್ಗಕ್ಕೆ ಹೋಗುತ್ತವೆ.